ಕೋಚಿಂಗ್ ಬೇಕಾಗಿರೋದು ಮೇಷ್ಟ್ರಿಗೆ

ನಮ್ಮ ಬೆಳುಗುಪ್ಪದ ಕಡೆ ‘ಕೋಚಿಂಗ್’ ಅಂದ್ರೆ ಎರಡೇ ಅರ್ಥ. ಒಂದು, ಡಿಎಸ್‌ಸಿ ಪರೀಕ್ಷೆಗೆ ಅನಂತಪುರಕ್ಕೆ ಹೋಗಿ ರೂಮು ಮಾಡಿಕೊಂಡು ಓದೋದು. ಇನ್ನೊಂದು, ಗ್ರೌಂಡಿನಲ್ಲಿ ಸೀಟಿ ಊದೋ ಪಿಇಟಿ ಸಾರ್. ಹೆಡ್ಮಾಸ್ಟರು ಮೇಷ್ಟ್ರಿಗೆ ಕೋಚಿಂಗ್ ಮಾಡಬೇಕು ಅಂದ್ರೆ ಸ್ಟಾಫ್ ರೂಮಿನಲ್ಲಿ ನಗ್ತಾರೆ. ಆದರೆ 2019ರಲ್ಲಿ ಶುರುವಾದ ‘ನಿಷ್ಠಾ’ ತರಬೇತಿಯಲ್ಲಿ ಶಾಲಾ ನಾಯಕತ್ವ ಅಂತ ಒಂದು ಭಾಗವೇ ಇತ್ತಲ್ಲ, ಅದರ ತಿರುಳು ಇದೇನೇ. ಬರೀ ಆಡಳಿತ ಮಾಡಬೇಡಿ, ಜೊತೆಗಿರುವವರನ್ನ ಬೆಳೆಸಿ ಅಂತ.

ಈ ಪದದ ಹುಟ್ಟು ತಮಾಷೆಯಾಗಿದೆ. ಹಂಗೇರಿ ದೇಶದ ಕೋಚ್ ಅನ್ನೋ ಹಳ್ಳಿಯಲ್ಲಿ ಒಳ್ಳೆ ಕುದುರೆ ಬಂಡಿ ಮಾಡ್ತಿದ್ದರಂತೆ, ಆ ಊರ ಹೆಸರೇ ಬಂಡಿಗೆ ಬಂತು. ಆಮೇಲೆ 1830ರ ಸುಮಾರಿಗೆ ಆಕ್ಸ್‌ಫರ್ಡ್ ಹುಡುಗರು, ಪರೀಕ್ಷೆ ದಾಟಿಸೋ ಮನೆಪಾಠದ ಮೇಷ್ಟ್ರಿಗೆ ‘ಬಂಡಿ’ ಅಂತ ಅಡ್ಡಹೆಸರಿಟ್ಟರು. ಅಲ್ಲಿಂದ ಆಟದ ಮೈದಾನಕ್ಕೆ, ಅಲ್ಲಿಂದ ಕಂಪನಿ ಆಫೀಸಿಗೆ. ಅಂದರೆ ಪದ ನಮ್ಮ ಮನೆಯದೇ, ಊರೆಲ್ಲಾ ಸುತ್ತಿ ವಾಪಸ್ ಬಂದಿದೆ.

ನನ್ನ ಮೊದಲ ವರ್ಷದ ಕಥೆ ಹೇಳ್ತೀನಿ. ಮೂರನೇ ತರಗತಿ, ಕಳೆಯುವ ಲೆಕ್ಕ. 52ರಲ್ಲಿ 28 ಕಳೆ ಅಂದಿದ್ದೆ. ಅರ್ಧ ಹುಡುಗರು 36 ಅಂತ ಬರೆದಿದ್ದರು. ಕೆಂಪು ಪೆನ್ನಿನಲ್ಲಿ ತಪ್ಪು ಹಾಕಿ ಸುಮ್ಮನಾದೆ. ನಮ್ಮ ಹೆಡ್ಮಾಸ್ಟರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಮಕ್ಕಳ ಮುಂದೆ ಒಂದು ಮಾತೂ ಆಡಲಿಲ್ಲ. ಮಧ್ಯಾಹ್ನ ಊಟ ಬಡಿಸುವಾಗ ಮೆಲ್ಲಗೆ ಕೇಳಿದರು, “ಆ ಹುಡುಗ 36 ಅಂತ ಯಾಕೆ ಬರೆದ ಮೇಷ್ಟ್ರೇ?” ನಾನು “ಗಮನ ಇಲ್ಲ ಸಾರ್” ಅಂದೆ. “ಅವನನ್ನೇ ಕೇಳಿ ನೋಡ್ರಿ” ಅಂದರು, ಅಷ್ಟೇ.

ಕೇಳಿದೆ. “8ರಲ್ಲಿ 2 ಹೋದ್ರೆ 6, 5ರಲ್ಲಿ 2 ಹೋದ್ರೆ 3” ಅಂದ ಹುಡುಗ, ಧೈರ್ಯವಾಗಿ. ದೊಡ್ಡದರಲ್ಲಿ ಸಣ್ಣದು ಕಳೀಬೇಕು ಅಂತ ನಾನೇ ಹೇಳಿಕೊಟ್ಟಿದ್ದೆನಲ್ಲ! ಹುಡುಗ ನನ್ನ ಮಾತನ್ನ ಚಾಚೂ ತಪ್ಪದೆ ಪಾಲಿಸಿದ್ದ. ಮಾರನೇ ದಿನ ಹತ್ತತ್ತು ಕಡ್ಡಿಯ ಕಟ್ಟು ಕಟ್ಟಿಕೊಂಡು ಹೋದೆ. ಒಂದು ಕಟ್ಟು ಬಿಚ್ಚಿ ತೋರಿಸಿದ ಮೇಲೆ ದಶಕ ಅಂದ್ರೇನು ಅಂತ ಅವರಿಗೂ ತಿಳೀತು, ನನಗೂ ತಿಳೀತು. ಹೆಡ್ಮಾಸ್ಟರು ಉತ್ತರ ಹೇಳಿದ್ದರೆ ಆವತ್ತಿಗೆ ಒಂದು ಲೆಕ್ಕ ಸರಿ ಹೋಗ್ತಿತ್ತು. ಹೇಳದೆ ಬಿಟ್ಟದ್ದರಿಂದ, ತಪ್ಪು ಉತ್ತರ ಕಂಡಾಗಲೆಲ್ಲಾ “ಹೇಗೆ ಮಾಡಿದೆ?” ಅಂತ ಕೇಳೋ ಅಭ್ಯಾಸ ನನಗೆ ಬಿತ್ತು.

ಅದೇ ವರ್ಷ ಒಬ್ಬ ಅಧಿಕಾರಿ ತಪಾಸಣೆಗೆ ಬಂದರು. ಹಾಜರಿ ಪುಸ್ತಕ ನೋಡಿದರು, ಅಕ್ಕಿ ಲೆಕ್ಕ ನೋಡಿದರು, ಪಾಠ ಯೋಜನೆಗೆ ಸಹಿ ಹಾಕಿದರು. ಮಗು ನೋಟ್‌ಬುಕ್ ಕೊಟ್ಟಾಗ ಪುಟ ತಿರುವಿ, “ನಾಕು ಕನ್ನಡ ರಾದು ಸಾರ್” ಅಂತ ನಕ್ಕು ವಾಪಸ್ ಕೊಟ್ಟರು. ಅವರ ತಪ್ಪು ಅಂತ ನಾನು ಹೇಳಲ್ಲ, ಒಳ್ಳೆ ಮನುಷ್ಯ. ಆದರೆ ಗಡಿಯಾಚೆಯ ನಮ್ಮ ಅಸಲು ಕಷ್ಟ ಇಲ್ಲೇ ಇದೆ ನೋಡಿ. ಮಗು ಏನು ಬರೆದಿದೆ ಅಂತ ಓದಲು ಬಾರದವರು ಮೇಷ್ಟ್ರಿಗೆ ಮಾರ್ಗದರ್ಶನ ಮಾಡೋದು ಹೇಗೆ? ರಿಜಿಸ್ಟರು ಎಣಿಸಬಹುದು, ಅಷ್ಟೇ. 2022ರಲ್ಲಿ ಮುಖ ತೋರಿಸಿ ಹಾಜರಿ ಹಾಕೋ ಆ್ಯಪ್ ಬಂತು. ಫೋನಿಗೂ ಕನ್ನಡ ಬೇಕಾಗಿಲ್ಲ, ಮುಖ ಸಾಕು!

ಹಾಗಂತ ಲೆಕ್ಕಪತ್ರ, ಶಿಸ್ತು ಬೇಡ ಅಂತಲ್ಲ. ಮೊಟ್ಟೆ ಕಡಿಮೆ ಬಂದರೆ ಹೆಡ್ಮಾಸ್ಟರು ಗಟ್ಟಿಯಾಗಿ ಕೇಳಲೇಬೇಕು. ವಾರಕ್ಕೆ ಎರಡು ದಿನ ಶಾಲೆಗೆ ಬಾರದ ಮೇಷ್ಟ್ರನ್ನ ಪಕ್ಕದಲ್ಲಿ ಕೂರಿಸಿಕೊಂಡು “ನಿಮಗೇನನ್ನಿಸುತ್ತೆ?” ಅಂತ ಮೃದುವಾಗಿ ಕೇಳುವುದು ಕೋಚಿಂಗ್ ಅಲ್ಲ, ಮಕ್ಕಳಿಗೆ ಮಾಡೋ ದ್ರೋಹ. ಬರುವವನು, ಬಂದು ದುಡಿಯುವವನು, ಆದರೂ ಪಾಠ ಹಿಡಿತಕ್ಕೆ ಸಿಗದವನು — ಅವನಿಗೆ ಬೇಕಾದದ್ದು ಜೊತೆಗಾರ. ಅವನಿಗೂ ನೋಟೀಸು ಕೊಟ್ಟರೆ ಯೋಜನೆ ಪುಸ್ತಕ ಅಂದವಾಗುತ್ತೆ, ಪಾಠ ಅಲ್ಲ.

ಇದೇನು ಹೊಸ ಮಾತಲ್ಲ. ಎಂ.ಆರ್. ಶ್ರೀನಿವಾಸಮೂರ್ತಿಯವರ ‘ರಂಗಣ್ಣನ ಕನಸಿನ ದಿನಗಳು’ ಓದಿದ್ದೀರಲ್ಲ? ಸ್ಕೂಲ್ ಇನ್ಸ್‌ಪೆಕ್ಟರ್ ರಂಗಣ್ಣ ದಂಡ ಹಾಕೋ ಸಾಹೇಬನಾಗದೆ ಮೇಷ್ಟ್ರುಗಳನ್ನ ಸೇರಿಸಿ ಸಭೆ ನಡೆಸ್ತಾನೆ, ಅವರ ಕಷ್ಟ ಕೇಳ್ತಾನೆ. ಬರೆದವರು ಸ್ವತಃ ವಿದ್ಯಾ ಇಲಾಖೆಯಲ್ಲಿ ದುಡಿದವರು. ಓದಿಲ್ಲದಿದ್ದರೆ ಈ ರಜೆಯಲ್ಲಿ ಓದಿ, ನಗುನಗುತ್ತಾ ಮುಗಿಯುತ್ತೆ.

ಕಾದಂಬರಿ ಬಿಡಿ, ನಡೆದದ್ದೂ ಇದೆ. ಮದನಪಲ್ಲಿ ಹತ್ತಿರದ ರಿಷಿವ್ಯಾಲಿಯವರು ತಮ್ಮ ಸುತ್ತಲ ಹಳ್ಳಿ ಶಾಲೆಗಳಿಗೆ ಮಾಡಿದ ಕಲಿಕೆ ಕಾರ್ಡುಗಳನ್ನ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ಹೋಗಿ ನೋಡಿ ಬಂದರು. ತಾವೇ ಕೂತು ತಮ್ಮ ಮಕ್ಕಳಿಗೆ ಹೊಂದುವ ಹಾಗೆ ಹೊಸದಾಗಿ ಬರೆದುಕೊಂಡರು. 1995ರಲ್ಲಿ ಅದು ‘ನಲಿ-ಕಲಿ’ ಆಯ್ತು, 2009-10ರ ಹೊತ್ತಿಗೆ ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲಾ ಹರಡಿತು. ನಮ್ಮ ರಾಜ್ಯದ ಬೀಜ ಆ ಕಡೆ ಫಸಲು ಕೊಟ್ಟಿತು! ಮೇಷ್ಟ್ರುಗಳನ್ನ ನಂಬಿ ಕೆಲಸ ಅವರ ಕೈಗೆ ಕೊಟ್ಟಿದ್ದಕ್ಕೇ ಅದು ಬೇರು ಬಿಟ್ಟಿದ್ದು ಅಂತ ನನ್ನ ಅಭಿಪ್ರಾಯ. ಆಮೇಲೆ ಸುತ್ತೋಲೆಯಲ್ಲಿ ಹರಡಿದ ಕಡೆ ಅದೇ ಜೀವ ಉಳಿಯಿತಾ ಅನ್ನೋದು ಬೇರೆ ಚರ್ಚೆ.

ನಮಗೇನು ಬೇಕು? ಸ್ಕೂಲ್ ಕಾಂಪ್ಲೆಕ್ಸ್ ಮೀಟಿಂಗಿನಲ್ಲಿ ಎಲ್ಲಾ ತೆಲುಗಿನಲ್ಲಿ ನಡೆಯುತ್ತೆ, ಕನ್ನಡ ಮೇಷ್ಟ್ರು ಹಿಂದಿನ ಸಾಲಿನಲ್ಲಿ ಕೂತು ಸಹಿ ಹಾಕಿ ಎದ್ದು ಬರ್ತೀವಿ. ಮೂರು ತಿಂಗಳಿಗೊಂದು ಸಲವಾದರೂ ಮಂಡಲದ ಗೆರೆ ಬಿಟ್ಟು ಮಾಧ್ಯಮದ ಲೆಕ್ಕದಲ್ಲಿ ಸೇರಿಸಲಿ. ಡಿ. ಹಿರೇಹಾಳು, ಬೊಮ್ಮನಹಾಳು, ರಾಯದುರ್ಗ, ಕಣೇಕಲ್ಲು ಕಡೆಯವರೆಲ್ಲಾ ಒಂದೇ ಕೋಣೆಯಲ್ಲಿ, ಮುಂದೆ ಮಕ್ಕಳ ನೋಟ್‌ಬುಕ್ಕು ಮಾತ್ರ. ಮಡಕಶಿರಾದವರು 2022ರ ಏಪ್ರಿಲ್ 4ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಗಿದ್ದಾರೆ. ಅಂದರೆ ಇಬ್ಬರು ಡಿಇಒಗಳು ಒಪ್ಪಬೇಕು, ಕಷ್ಟವೇ. ಆದರೂ ಕೇಳೋಣ. ಕನ್ನಡ ಬಲ್ಲ ಹಿರಿಯ ಮೇಷ್ಟ್ರಿಗೆ ತಿಂಗಳಿಗೆ ಎರಡು ದಿನ ಬೇರೆ ಶಾಲೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಲು ಆನ್ ಡ್ಯೂಟಿ ಕೊಡಲಿ. ರಿಪೋರ್ಟು ಬರೆಯೋ ಕೆಲಸ ಮಾತ್ರ ಬೇಡ. ರಿಪೋರ್ಟು ಬಂದ ಕೂಡಲೇ ಅದು ತಪಾಸಣೆಯಾಗುತ್ತೆ.

ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಮೊನ್ನೆ ಮೀಟಿಂಗ್ ಮುಗಿದ ಮೇಲೆ ಬಂದು ಕೇಳಿದಳು, “ಸಾರ್, ಒಂದಿನ ನಮ್ಮ ಸ್ಕೂಲಿಗೆ ಬಂದು ನನ್ನ ಪಾಠ ನೋಡ್ತೀರಾ? ಸರಿ ಹೋಗ್ತಿದೆಯೋ ಇಲ್ಲವೋ ಅಂತ ಹೇಳೋರೇ ಇಲ್ಲ.” ಬರ್ತೀನಮ್ಮಾ ಅಂದಿದ್ದೀನಿ. ನನ್ನ ತರಗತಿಗಳನ್ನ ಆವತ್ತು ನೋಡಿಕೊಳ್ಳೋರು ಯಾರು ಅಂತ ಇನ್ನೂ ಹುಡುಕ್ತಾ ಇದ್ದೀನಿ. ಸಿಕ್ಕದಿದ್ದರೆ ಒಂದು ಸಿಎಲ್ ಹಾಕಬೇಕು.