ವ್ಯಂಜನ ಸತ್ತ ಹಾಡು

ಹೊಸ ಕಾರು ಮನೆಗೆ ಬಂದ ತಿಂಗಳೊಳಗೆ ಅದರ ಬಾಗಿಲುಗಳ ಒಳಮೈ ಬಿಚ್ಚಿಸಿ, ಕಂಪನಿ ಕೂರಿಸಿದ ಸ್ಪೀಕರುಗಳನ್ನು ಕೀಳಿಸಿ, ಬೇರೆಯವನ್ನು ಹಾಕಿಸುವುದು ನಮ್ಮ ನಗರಗಳಲ್ಲಿ ಈಗ ಒಂದು ಸಂಸ್ಕಾರವೇ ಆಗಿದೆ. ಆಯುಧಪೂಜೆಯಷ್ಟೇ ಶ್ರದ್ಧೆಯಿಂದ ಅದು ನಡೆಯುತ್ತದೆ. ಖರ್ಚು ಮಾತ್ರ ಬೂದುಗುಂಬಳಕ್ಕಿಂತ ಬಹಳ ಹೆಚ್ಚು. ಇದನ್ನು ಕಂಡು ಮೂಗು ಮುರಿಯುವ ಹಿರಿಯರಿದ್ದಾರೆ. "ಕಂಪನಿಯವರು ಕೊಟ್ಟದ್ದೇನು ಕಡಿಮೆಯೆ?" ಎಂಬುದು ಅವರ ಪ್ರಶ್ನೆ. ನಾನು ಆ ಹಿರಿಯರ ಪಕ್ಷದವನಲ್ಲ. ಕೀಳಿಸುವ ತರುಣರ ಪಕ್ಷದವನೂ ಅಲ್ಲ. ಮೊದಲಿನವರು ಒಬ್ಬ ವ್ಯಾಪಾರಿಯನ್ನು ನಂಬಿದ್ದಾರೆ. ಎರಡನೆಯವರು ಇನ್ನೊಬ್ಬ ವ್ಯಾಪಾರಿಯನ್ನು. ತಮ್ಮ ಕಿವಿಯನ್ನು ನಂಬಿದವರು ಎರಡು ಗುಂಪಿನಲ್ಲಿಯೂ ವಿರಳ.

ಮೊದಲು ಹಿರಿಯರಿಗೆ ಉತ್ತರ ಹೇಳೋಣ. ಕಾರಿನ ಕಂಪನಿಗೆ ಸಂಗೀತದ ಮೇಲೆ ದ್ವೇಷವಿಲ್ಲ. ಆದರೆ ಅದರ ಲೆಕ್ಕವೇ ಬೇರೆ. ಉಳಿತಾಯ ಮಾಡಬೇಕಾದಾಗ ಕಣ್ಣಿಗೆ ಕಾಣದ ಸ್ಥಳದಲ್ಲಿ ಮಾಡುವುದು ಸುಲಭ, ಮತ್ತು ಬಾಗಿಲಿನ ಒಳಗೆ ಕಣ್ಣು ಹೋಗುವುದಿಲ್ಲ. ಕಡಿಮೆ ಬೆಲೆಯ ಮಾದರಿಗಳಲ್ಲಿ ಸಾಮಾನ್ಯವಾಗಿ ಅಲ್ಲಿರುವುದು ತೆಳು ಕಾಗದದ ಕೋನು, ಚಿಕ್ಕ ಅಯಸ್ಕಾಂತ. ಒಳ್ಳೆಯ ಧ್ವನಿ ಬೇಕೆಂದರೆ ದುಬಾರಿ ಮಾದರಿಗೇ ಹೋಗಬೇಕು. ಎರಡು ಸ್ಪೀಕರಿನ ಆಸೆಗೆ ಮಾಳಿಗೆಯ ಗಾಜಿನ ಕಿಟಕಿಯನ್ನೂ ಕೊಂಡುಕೊಳ್ಳಬೇಕು. ಇದು ಅಕ್ಕಿ ಕೊಳ್ಳಲು ಹೋದವನಿಗೆ ಮೂಟೆಯ ಜೊತೆ ತಕ್ಕಡಿಯನ್ನೂ ಮಾರಿದ ಹಾಗೆ.

ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. ಅಮೆರಿಕದ ಗ್ಯಾಲ್ವಿನ್ ಸಹೋದರರ ಕಂಪನಿ ೧೯೩೦ರಲ್ಲಿ ಮೋಟೊರೋಲಾ ಎಂಬ ಹೆಸರಿನಿಂದ ಕಾರಿನ ರೇಡಿಯೋ ಮಾರತೊಡಗಿದಾಗ, ಅದು ಹೊರಗಿನಿಂದ ತಂದು ಕೂರಿಸಿಕೊಳ್ಳುವ ಸರಕಾಗಿತ್ತು. ಮುಂದೆ ಡಿನ್ ಎಂಬ ಜರ್ಮನಿಯ ಮಾನಕ ಸಂಸ್ಥೆ ಅದಕ್ಕೊಂದು ಅಳತೆ ಗೊತ್ತುಮಾಡಿತು: ೧೮೦ ಮಿಲಿಮೀಟರ್ ಅಗಲ, ೫೦ ಮಿಲಿಮೀಟರ್ ಎತ್ತರದ ಕಿಂಡಿ. ಯಾರು ಮಾಡಿದ ಕಾರಾದರೂ ಸರಿ, ಯಾರು ಮಾಡಿದ ಯಂತ್ರವಾದರೂ ಅದರಲ್ಲಿ ಕೂರಬಹುದಾಗಿತ್ತು. ಆ ಸಣ್ಣ ಕಿಂಡಿ ಗ್ರಾಹಕನ ಸ್ವಾತಂತ್ರ್ಯದ ಹೆಬ್ಬಾಗಿಲಾಗಿತ್ತು. ಈಗ ಅನೇಕ ಕಾರುಗಳಲ್ಲಿ ಆ ಕಿಂಡಿ ಮುಚ್ಚಿಹೋಗಿದೆ. ಅದರ ಸ್ಥಳದಲ್ಲಿ ಒಂದೊಂದು ಕಾರಿಗೆ ಒಂದೊಂದು ಆಕಾರದ ಪರದೆ. ತಂಪುಗಾಳಿಯ ಗುಂಡಿಯೂ ಅದರಲ್ಲೇ, ಹಿಂದಿನ ದಾರಿ ತೋರಿಸುವ ಕ್ಯಾಮೆರಾವೂ ಅದರಲ್ಲೇ. ಹಾಡನ್ನು ಬದಲಾಯಿಸಹೊರಟರೆ ಕಾರಿನ ಅರ್ಧ ಬುದ್ಧಿಯೇ ಕಳಚಿ ಬರುತ್ತದೆ. "ವೈರು ಮುಟ್ಟಿದರೆ ವಾರಂಟಿ ಹೋಗುತ್ತದೆ" ಎಂದು ಷೋರೂಮೊಂದರಲ್ಲಿ ನನ್ನನ್ನೂ ಹೆದರಿಸಿದರು. ಯಾವ ವೈರು, ಯಾವ ವಾರಂಟಿ ಎಂದು ಕೇಳಿದ್ದಕ್ಕೆ ಬಂದ ಉತ್ತರ ಒಂದು ಮುಗುಳ್ನಗೆ. ಹಣ ಕೊಟ್ಟು ಕೊಂಡ ವಸ್ತುವನ್ನು ಉತ್ತಮಪಡಿಸಿಕೊಳ್ಳುವ ಹಕ್ಕು ಕೊಂಡವನದು. ಇದರಲ್ಲಿ ನನಗೆ ಸಂದೇಹವಿಲ್ಲ.

ಹಾಗಾದರೆ ತರುಣರ ಮೇಲೆ ನನ್ನ ಆಕ್ಷೇಪವೇನು? ಅವರು ಮಾಡಿಸುವುದು ಉತ್ತಮಪಡಿಸುವ ಕೆಲಸವಲ್ಲ ಎಂಬುದೇ ಆಕ್ಷೇಪ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಒಂದು ಮಧ್ಯಾಹ್ನ ನಡೆದುನೋಡಿ. ಅಲ್ಲಿ ಧ್ವನಿಯನ್ನು ವ್ಯಾಟುಗಳಲ್ಲಿ ತೂಗಿ ಮಾರುತ್ತಾರೆ. ಡಬ್ಬದ ಮೇಲೆ ಸಾವಿರ, ಎರಡು ಸಾವಿರ ಎಂದು ಅಚ್ಚು. ಆದರೆ ಕಾರಿನ ವಿದ್ಯುತ್ತು ಎಂಜಿನ್ ಓಡುವಾಗ ಸುಮಾರು ೧೪ ವೋಲ್ಟು. ಸ್ಪೀಕರಿನ ಪ್ರತಿರೋಧ ಸಾಮಾನ್ಯವಾಗಿ ೪ ಓಮ್. ಪ್ರತ್ಯೇಕ ಆಂಪ್ಲಿಫೈಯರ್ ಇಲ್ಲದಿದ್ದರೆ ಒಂದು ಸ್ಪೀಕರಿಗೆ ಶುದ್ಧವಾಗಿ ಸಿಗುವುದು ೨೫ ವ್ಯಾಟಿನೊಳಗೇ. ಉಳಿದದ್ದು ಅಚ್ಚಿನ ಮಸಿ. ಇನ್ನೂ ಒಂದು ಮಾತು: ವ್ಯಾಟನ್ನು ಇಮ್ಮಡಿ ಮಾಡಿದರೆ ಧ್ವನಿ ಏರುವುದು ೩ ಡೆಸಿಬೆಲ್ ಮಾತ್ರ. ಕಿವಿಗೆ 'ಎರಡರಷ್ಟಾಯಿತು' ಅನ್ನಿಸಬೇಕಾದರೆ ಸುಮಾರು ಹತ್ತುಪಟ್ಟು ವ್ಯಾಟು ಬೇಕು. ಹಣ ಇಮ್ಮಡಿಯಾದಷ್ಟು ಸುಲಭವಾಗಿ ಸುಖ ಇಮ್ಮಡಿಯಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಗಣಿತ ಬೇಡ.

ಇನ್ನು ವೂಫರು. ಇಲ್ಲಿ ನಾನು ಕನ್ನಡದ ಮೇಷ್ಟರಾಗಿ ಮಾತನಾಡಬೇಕಾಗಿದೆ. ನಮ್ಮ ವರ್ಣಮಾಲೆ ಸ್ವರ, ವ್ಯಂಜನಗಳೆಂದು ಎರಡಾಗಿ ನಿಂತಿದೆ. ಮಾತಿನ ಬಲ ಹೆಚ್ಚಾಗಿ ಸ್ವರಗಳಲ್ಲಿದೆ, ಕೆಳಗಿನ ಕಂಪನಗಳಲ್ಲಿ. ಅರ್ಥವನ್ನು ಬೇರೆಬೇರೆ ಮಾಡಿ ತೋರಿಸುವ ಕೆಲಸ ಬಹುಮಟ್ಟಿಗೆ ವ್ಯಂಜನಗಳದು, ಅದರಲ್ಲಿಯೂ ಸೆಕೆಂಡಿಗೆ ಎರಡು ಸಾವಿರಕ್ಕೆ ಮೇಲ್ಪಟ್ಟ ಕಂಪನಗಳದು. ಸಕಾರ ಶಕಾರಗಳ ಭೇದ, ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಬಲು ನವುರಾದದ್ದು. ತಗ್ಗಿನ ದನಿ ಜೋರಾದಾಗ ಮೇಲಿನ ದನಿಯನ್ನು ಮುಚ್ಚಿಬಿಡುತ್ತದೆಂಬುದು ಶ್ರವಣಶಾಸ್ತ್ರದ ಪಾಠ. ಟೈರು ರಸ್ತೆಗಳ ಮೊರೆತವೂ ಹೆಚ್ಚಾಗಿ ತಗ್ಗಿನದೇ. ಅದರ ಮೇಲೆ ವೂಫರಿನ ಗುದ್ದು ಸೇರಿದರೆ ಹಾಡಿನಲ್ಲಿ ಉಳಿಯುವುದೇನು? ಆಕಾರ ಓಕಾರಗಳ ಒಂದು ಗೂಳಿಗುಟುರು. ಕವಿ ಬರೆದ ಮಾತು ಡಿಕ್ಕಿಯಲ್ಲೇ ಉಸಿರುಗಟ್ಟಿ ಸಾಯುತ್ತದೆ. ಭಾವಗೀತೆಯನ್ನು ಹೀಗೆ ಕೇಳಿ ಬೆಳೆದ ಹುಡುಗರು ತರಗತಿಯಲ್ಲಿ ಶಂಕರನನ್ನು ಸಂಕರ ಮಾಡಿದರೆ ಬರಿಯ ಅವರನ್ನೇ ಗದರಿಸಿ ಪ್ರಯೋಜನವೇನು? ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದದ ಬಣ್ಣ ಬಿಳುಪೆಂದ. ನಮ್ಮ ಕಾರುಗಳಲ್ಲಿ ಅದು ನೀಲಿ ದೀಪದ ಬಣ್ಣಕ್ಕೆ ತಿರುಗಿದೆ.

"ನನ್ನ ಕಾರು, ನನ್ನ ಇಷ್ಟ" ಎನ್ನುವವರಿದ್ದಾರೆ. ಇಷ್ಟ ಕಾರಿನೊಳಗೇ ಇದ್ದರೆ ತಕರಾರಿಲ್ಲ. ಆದರೆ ಸೆಕೆಂಡಿಗೆ ೫೦ ಕಂಪನದ ದನಿಯ ಅಲೆ ಸುಮಾರು ೭ ಮೀಟರ್ ಉದ್ದ. ಅದನ್ನು ಕಾರಿನ ತಗಡು ತಡೆಯದು, ಬೀದಿಬದಿಯ ಮನೆಯ ಗೋಡೆಯೂ ಪೂರ್ತಿ ತಡೆಯದು. ೨೦೦೦ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು ೫೫, ರಾತ್ರಿ ೪೫ ಡೆಸಿಬೆಲ್ ಎಂದು ಮಿತಿ ಹಾಕಿವೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ೧೦೦ ಮೀಟರಿನ ನಿಶ್ಶಬ್ದ ವಲಯಕ್ಕೆ ಇನ್ನೂ ೫ ಕಡಿಮೆ. ಸಿಗ್ನಲಿನಲ್ಲಿ ನಿಂತ ಎಷ್ಟು ಕಾರುಗಳು ಈ ಲೆಕ್ಕಕ್ಕೆ ತಲೆಬಾಗುತ್ತವೆ? ಹಿಂದಿನಿಂದ ಬರುವ ಆಂಬ್ಯುಲೆನ್ಸಿನ ಕೂಗು ಕೇಳಿಸದಷ್ಟು ಸಂಗೀತಪ್ರೇಮ ಯಾವ ಸಂಗೀತಕ್ಕೂ ಮರ್ಯಾದೆಯಲ್ಲ. ಕೇಳುವವನ ಕಿವಿಯೂ ಉಳಿಯದು: ೮೫ ಡೆಸಿಬೆಲ್ಲಿಗೆ ದಿನಕ್ಕೆ ಎಂಟು ಗಂಟೆ ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಮಿತಿ, ಪ್ರತಿ ೩ ಡೆಸಿಬೆಲ್ಲಿಗೆ ಅವಧಿ ಅರ್ಧವಾಗುತ್ತ ಹೋಗಿ, ೧೦೦ಕ್ಕೆ ಉಳಿಯುವುದು ಹದಿನೈದೇ ನಿಮಿಷ.

ಹಾಗಾದರೆ ಮಾಡತಕ್ಕದ್ದೇನು? ಮೊದಲು ಬಾಗಿಲನ್ನು ದುರಸ್ತು ಮಾಡಿಸಿ. ತೆಳು ತಗಡು ತಾನೇ ಗುಂಯ್‌ಗುಟ್ಟುತ್ತದೆ; ಅದರ ತೂತುಗಳ ಮೂಲಕ ಸ್ಪೀಕರಿನ ಬೆನ್ನಿನ ದನಿ ಹೊರಬಂದು ಮುಂದಿನ ದನಿಯನ್ನು ಕೊಲ್ಲುತ್ತದೆ. ತೂತು ಮುಚ್ಚಿ ಕಂಪನ ತಡೆಯುವ ಹಾಳೆ ಅಂಟಿಸಿದರೆ ಹಳೆಯ ಸ್ಪೀಕರೇ ಹೊಸ ಗಂಟಲು ಪಡೆಯುವುದುಂಟು. ಸಾಲದಿದ್ದರೆ ಮುಂದಿನ ಎರಡು ಬಾಗಿಲಿಗೆ, ಮೇಲ್ದನಿಗೆ ಬೇರೆ ಟ್ವೀಟರ್ ಇರುವ ಒಳ್ಳೆಯ ಜೋಡಿ ಹಾಕಿಸಿ. ವೈರು ಕತ್ತರಿಸಗೊಡಬೇಡಿ, ಸರಿಯಾದ ಕಪ್ಲರು ಕೇಳಿ. ಆಂಪ್ಲಿಫೈಯರಿಗೆ ಬ್ಯಾಟರಿಯಿಂದ ವೈರು ಎಳೆದರೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲಿ. ಇಲ್ಲವಾದರೆ ಹಾಡಿನ ಆಸೆಗೆ ಕಾರನ್ನೇ ಆಹುತಿ ಕೊಟ್ಟಂತಾದೀತು.

ಆಮೇಲೆ ಒಂದು ಪರೀಕ್ಷೆ. ಸಾಹಿತ್ಯ ಬಾಯಿಪಾಠ ಬಾರದ ಒಂದು ಕನ್ನಡ ಹಾಡನ್ನು, ಪಕ್ಕದವರೊಡನೆ ಮಾತನಾಡುವಷ್ಟೇ ದನಿಯಲ್ಲಿ ಹಾಕಿ. ಒಂದೊಂದು ಪದವೂ ಬಿಡಿಸಿ ಕೇಳಿತೆ? ಶಕಾರ ಶಕಾರವಾಗಿ, ಸಕಾರ ಸಕಾರವಾಗಿ ಬಂದಿತೆ? ಬಂದರೆ ಕೆಲಸ ಮುಗಿಯಿತು. ಅಂಗಡಿಯವರು "ಸರ್, ಇನ್ನೊಂದು ವೂಫರು" ಎಂದರೆ ಕೈಮುಗಿದು ಹೊರಟುಬನ್ನಿ.