ಮೀನಿನ ಟ್ಯಾಂಕ್ ಏನ ಶೋಕೇಸ್ ಏನ್ರಿ?

ಈ ಮಾತು ಬರದ್ರ ನಿಮ್ಮಾಗ ನಾಕ ಮಂದಿ ಸಿಟ್ಟಿಗೇಳ್ತೀರಿ ಅಂತ ಗೊತ್ತೈತಿ. ಏಳ್ರಿ. ನಮ್ಮ ಆಡೂರಾಗ ಈಗ ಹೊಸಾ ಮನಿ ಕಟ್ಟಿಸಿದವ್ರ ಪಡಸಾಲ್ಯಾಗ ಟೀವಿ ಬಾಜೂಕ ಒಂದು ಫಿಶ್ ಟ್ಯಾಂಕ್ ಇರಾಕಬೇಕು ಅನ್ನೂವಂಗ ಆಗೇತಿ. ಇರ್ಲಿ, ಮೀನು ಸಾಕೂದು ತಪ್ಪಲ್ಲ. ಆದ್ರ ಅದರಾಗ ನಾವು ತುಂಬೂ ಸಾಮಾನು ನೋಡ್ರಿ. ಪ್ಲಾಸ್ಟಿಕ್ ಅರಮನಿ, ಬಣ್ಣದ ಹಳ್ಳು, ಗೋಕರ್ಣಕ್ಕ ಹೋದಾಗ ಆರಿಸ್ಕೊಂಡ ಬಂದ ಚಿಪ್ಪು, ಹಿತ್ತಾಳಿ ಆಮಿ, ನಡುವ ಒಬ್ಬ ಗಣಪ್ಪ. ಮೀನಿಗೆ ತಿರಗಾಕ ಜಾಗಾ ಎಲ್ಲೈತ್ರಿ?

ನಾ ಏನ ದೊಡ್ಡ ಶ್ಯಾಣೇಕಿ ಅಂತ ಬರ್ಯಾಕ ಹತ್ತಿಲ್ಲ. ನಮ್ಮನ್ಯಾಗ ಆದದ್ದು ನನ್ನ ಕೈಯಿಂದನ ಆದದ್ದು. ನೆಲಕ್ಕ ಹಾಕಿ ಉಳಿದಿದ್ದ ಶಾಬಾದ ಫರಸಿ ತುಂಡು ಹಿತ್ತಲದಾಗ ಬಿದ್ದಿದ್ವು. ಟ್ಯಾಂಕಿನ್ಯಾಗ ಉಸುಕು ಹರವಿ, ಅದರ ಮ್ಯಾಲೆ ಎರಡು ತುಂಡು ನಿಂದರಿಸಿ, ಮ್ಯಾಲೊಂದು ಅಡ್ಡ ಇಟ್ಟು ಗವಿ ಮಾಡಿದ್ನಿ. ನೋಡಿದವ್ರೆಲ್ಲಾ ಭಾಳ ಚಂದ ಆಗೇತಿ ಅಂದ್ರು, ನಾನೂ ಉಬ್ಬಿದ್ನಿ. ಗೋಲ್ಡ್ ಫಿಶ್ ಇಡೀ ದಿವಸ ಬಾಯಿಲೆ ಉಸುಕು ಕೆದರ್ತಾವು, ಅದು ಅವುಗಳ ಸ್ವಭಾವ. ಕೆದರಿ ಕೆದರಿ ಕಲ್ಲಿನ ಬುಡ ಸಡಲ ಆಗೇತಿ. ಒಂದಿನಾ ನಡುರಾತ್ರ್ಯಾಗ ಮ್ಯಾಲಿನ ಫರಸಿ ಜಾರಿ ಮುಂದಿನ ಗಾಜಿಗೆ ಬಡೀತು.

ಎರಡು ಫೂಟ್ ಉದ್ದ, ಒಂದು ಫೂಟ್ ಅಗಲ, ಒಂದು ಫೂಟ್ ಎತ್ತರದ ಟ್ಯಾಂಕಿನ್ಯಾಗ ಸುಮಾರು 56 ಲೀಟರ್ ನೀರು ಹಿಡೀತೈತಿ. ಅಂದ್ರ 56 ಕಿಲೋ ಭಾರ. ಅಷ್ಟೂ ನೀರು ನೆಲಕ್ಕ ಬಂತು. ನೆಲದ ಮ್ಯಾಲ ಕರೆಂಟಿನ ಬೋರ್ಡ್ ಇತ್ತು, ಅದರ ಹಂತೇಲೆ ಚಾಪಿ ಮ್ಯಾಲೆ ಎರಡು ವರ್ಷದ ಮಮ್ಮಗ ಮಲಗಿದ್ದ. ನಮ್ಮನಿಯವ್ರು ಓಡಿ ಹೋಗಿ ಮೇನ್ ಬಂದ್ ಮಾಡಿದ್ರು. ಕೂಸಿಗೆ ಒಂದು ಚೂರೂ ತಾಗಲಿಲ್ಲ. ಐದು ಮೀನಿನ್ಯಾಗ ಎರಡನ್ನ ಕೊಡದಾಗ ಹಾಕಿ ಉಳಿಸಿದ್ವಿ. ಆ ರಾತ್ರಿ ನೆನಸಿದ್ರ ಈಗೂ ಕೈಕಾಲು ತಣ್ಣಗಾಗ್ತಾವ.

ಅದಕ್ಕ ಹೇಳ್ತೇನಿ, ಮೊದ್ಲ ಕಲ್ಲು, ಆಮ್ಯಾಲೆ ಉಸುಕು. ಕಲ್ಲಿನ ಚಪ್ಪಟಿ ಮಗ್ಗಲಾ ಕೆಳಗ ಮಾಡಿ ತಳದ ಮ್ಯಾಲೆ ಕೂಡಿಸ್ರಿ, ತೆಳ್ಳನ ಪ್ಲಾಸ್ಟಿಕ್ ಹಾಳಿ ಅಡಿಗೆ ಇಟ್ರ ಗಾಜಿಗೂ ಚಲೋ. ಅದರ ಸುತ್ತ ಉಸುಕು ಹಾಕ್ರಿ. ಬಟ್ಟಿಲೆ ನೂಕಿದ್ರ ಅಳ್ಳಾಡೂ ಕಲ್ಲು ಒಳಗ ಬ್ಯಾಡನ ಬ್ಯಾಡ. ಒಂದರ ಮ್ಯಾಲೊಂದು ಇಡಾಕಬೇಕು ಅಂದ್ರ ಟ್ಯಾಂಕಿಗೆ ಅಂತನ ಮಾರೂ ಸಿಲಿಕಾನ್ ಅಂಟು ಹಚ್ಚಿ, ಅದರ ಹುಳಿ ವಾಸನಿ ಹೋಗೂಮಟ ಒಣಗಸ್ರಿ. ಬಚ್ಚಲಕ್ಕ ಹಚ್ಚೂ ಬೂಸ್ಟು ಹಿಡೀದಂಥಾ ಸಿಲಿಕಾನ್ ತರಬ್ಯಾಡ್ರಿ, ಅದರಾಗಿನ ಔಷಧ ಮೀನಿಗೆ ವಿಷ.

ಇನ್ನ ಯಾವ ಕಲ್ಲು? ಅಡಗಿಮನಿ ಕಡಪಾ ಕಟ್ಟಿ ಮ್ಯಾಲೆ ಲಿಂಬಿರಸ ಬಿದ್ರ ಬಿಳೀ ಕಲಿ ಕುಂದರೂದು ನಮಗೆಲ್ಲಾರಿಗೂ ಗೊತ್ತು. ಯಾಕಂದ್ರ ಕಡಪಾನೂ ಶಾಬಾದನೂ ಸುಣ್ಣದ ಕಲ್ಲು. ಚಿಪ್ಪು, ಶಂಖನೂ ಸುಣ್ಣನ. ಇವು ನೀರಾಗ ಕರಗಿದ್ರ ನೀರು ಇನ್ನಷ್ಟು ಗಡಸ ಆಗತೈತಿ, ಅದರಾಗಿನ ಕ್ಷಾರ ಏರತೈತಿ. ಗೋಲ್ಡ್ ಫಿಶ್ ಗಡಸು ನೀರು ತಡಕೊಂತಾವ, ಖರೆ. ಆದ್ರ ಕ್ಷಾರ ಏರಿದ ನೀರಾಗ ಮೀನಿನ ಹೊಲಸಿನ ಅಮೋನಿಯಾ ಹೆಚ್ಚು ವಿಷ ಆಗತೈತಿ. ಹೊಳಿಯಿಂದ ತಂದ ಕಲ್ಲಿನ ಮ್ಯಾಲೂ ಎರಡು ಹನಿ ಲಿಂಬಿರಸ ಹಿಂಡಿ ನೋಡ್ರಿ. ಗುಳ್ಳಿ ಎದ್ರ ಅದು ಹಿತ್ತಲಕ್ಕ. ಸಾಬೂನು ಹಚ್ಚಬ್ಯಾಡ್ರಿ, ಬ್ರಶ್ಶಿಲೆ ತಿಕ್ಕಿದ್ರ ಸಾಕು. ಒಲಿ ಮ್ಯಾಲೆ ಕುದಸೂದಂತೂ ಬ್ಯಾಡ, ಒಳಗ ಪಸಿ ಇದ್ರ ಕಲ್ಲು ಸಿಡೀತೈತಿ.

ವಾಸ್ತು ಅಂತ ಹಿತ್ತಾಳಿ ಆಮಿ ಮುಳಗಸೂ ಅಕ್ಕಾರಿಗೆ ಒಂದು ಮಾತು. ಹಿತ್ತಾಳ್ಯಾಗ ತಾಮ್ರ ಇರತೈತಿ. ತಾಮ್ರದ ಕೊಡದ ನೀರು ನಮಗ ಚಲೋ ಇರಬಹುದು, ಆದ್ರ ನೀರಿಗೆ ಬಿಟ್ಟ ತಾಮ್ರ ಮೀನಿಗೆ ವಿಷ. ಆಮಿ ದೇವರ ಮನ್ಯಾಗ ತಾಟಿನ್ಯಾಗ ಇರ್ಲಿ, ಯಾರ ಬ್ಯಾಡ ಅಂದ್ರು? ಇನ್ನ ಆ ಬಣ್ಣದ ಗಣಪ್ಪ. ಪಿಒಪಿ ಗಣಪ್ಪನ್ನ ಕೆರಿಗೆ ಬಿಡಬ್ಯಾಡ್ರಿ ಅಂತ ಚೌತಿ ಬಂದಾಗೊಮ್ಮೆ ನಾವ ಓಣ್ಯಾಗ ಭಾಷಣಾ ಮಾಡ್ತೇವಿ. ಕೆರ್ಯಾಗಿನ ಮೀನಿಗೆ ಬ್ಯಾಡಾದದ್ದು ಗಾಜಿನ್ಯಾಗಿನ ಮೀನಿಗೆ ಹೆಂಗ ನಡೀತೈತ್ರಿ?

"ಅಂಗಡ್ಯಾಗನ ಮಾರ್ತಾರ, ಕೆಟ್ಟದ್ದಾದ್ರ ಮಾರ್ತಿದ್ರ?" ಅಂತ ನಮ್ಮ ನೆಗೆಣ್ಣಿ ಕೇಳಿದ್ಲು. ಮಾರ್ತಾರವ್ವಾ, ನಾವು ತಗೋತೇವಿ ಅಂತ ಮಾರ್ತಾರ. ತಂದದ್ದನ್ನ ಬಿಳೀ ಬಕೆಟ್ಟಿನ್ಯಾಗ ಒಂದು ವಾರ ನೆನಿ ಹಾಕು, ಬಣ್ಣ ಬಿಟ್ರ ನಿನಗ ತಿಳೀತೈತಿ. ಅರಮನಿ ಅಂಚಿಗೆ ಹಳೇ ನೈಲಾನ್ ಸೀರಿ ಸೆರಗು ಸವರಿ ನೋಡು. ಎಳಿ ಸಿಕ್ಕೊಂಡ್ರ ಮೀನಿನ ರೆಕ್ಕಿನೂ ಸಿಕ್ಕೊಂಡು ಹರೀತೈತಿ. ಅದರ ಕಿಡಕಿ ಮೀನು ಸರಾಗ ದಾಟೂವಷ್ಟು ದೊಡ್ಡದಿರಬೇಕು, ಇಲ್ಲಾಂದ್ರ ತಲಿನೂ ಹೋಗದಷ್ಟು ಸಣ್ಣದಿರಬೇಕು. ನಡುವಿನ ಅಳತಿ ಅಂದ್ರ ಉರ್ಲ.

ಈಗ ನಮ್ಮನಿ ಹೊಸಾ ಟ್ಯಾಂಕಿನ್ಯಾಗ ಲಿಂಬಿರಸಕ್ಕ ಗುಳ್ಳಿ ಏಳದ ಎರಡು ನುಣ್ಣನ ಕಲ್ಲು ಅದಾವು, ಗಾಜಿನಿಂದ ನಾಕ ಬಟ್ಟು ದೂರ. ಕರೆಂಟಿನ ಬೋರ್ಡ್ ಗ್ವಾಡಿಗೆ ಏರೇತಿ. ನೆಗೆಣ್ಣಿ ಬಂದು ನೋಡಿ, "ಬೋಳು ಕಾಣತೈತಿ" ಅಂದ್ಲು. ಕಾಣಲಿ ಬಿಡ್ರಿ. ಉಳಿದ ಎರಡು ಮೀನು ಈ ತುದಿಯಿಂದ ಆ ತುದೀಗೆ ಎಲ್ಲೂ ತಾಗದಂಗ ಹೋಗಿ ಬರ್ತಾವ, ಮಮ್ಮಗ ಗಾಜಿಗೆ ಮೂಗು ಹಚ್ಚಿ ನಿಂತಿರ್ತಾನ. ಈ ಕಡೆ ಬಂದ್ರ ನಿಮ್ಮ ಟ್ಯಾಂಕಿನ ಕಲ್ಲು ಒಂದೊಂದು ತಗೊಂಡ ಬರ್ರಿ. ಲಿಂಬಿಹಣ್ಣು ನಾ ಕೊಡ್ತೇನಿ.