ಹಳೆಯ ಕೃತಿ, ಹೊಸ ಕಂಠ

ಹಿರಿಯರು ರಚಿಸಿದ ಕೃತಿಗಳನ್ನು ಹೊಸ ರೀತಿಯಲ್ಲಿ ಹಾಡಬಹುದೇ? ಪಲ್ಲಡಂ, ತಿರುಪ್ಪೂರು, ಕೊಯಮತ್ತೂರು ಕಡೆಯ ನಮ್ಮ ಕನ್ನಡ ಮನೆಗಳಲ್ಲಿ ಇದು ಸಣ್ಣ ಪ್ರಶ್ನೆಯೇನಲ್ಲ. ದಾಸರ ಪದವನ್ನು ಮಕ್ಕಳು ಗಿಟಾರಿನೊಡನೆ ಹಾಡಿದರೆ ಹಿರಿಯರು ಮುಖ ಸಿಂಡರಿಸುತ್ತಾರೆ. ಹಾಡಬೇಡಿರೆಂದರೆ ಮಕ್ಕಳು ಆ ಪದವನ್ನೇ ಬಿಟ್ಟುಬಿಡುತ್ತಾರೆ. ಈ ವಿಚಾರದಲ್ಲಿ ದೂರದ ಪ್ಯಾರಿಸ್ ನಗರದ ಒಂದು ಧ್ವನಿಮುದ್ರಿಕೆ ನಮಗೆ ದಾರಿ ತೋರಿಸಬಲ್ಲುದು.

1962ರಲ್ಲಿ ಅಮೆರಿಕದ ವಾರ್ಡ್ ಸ್ವಿಂಗಲ್ ಎಂಬುವರು ಪ್ಯಾರಿಸ್ಸಿನಲ್ಲಿ ಎಂಟು ಮಂದಿ ಗಾಯಕ ಗಾಯಕಿಯರ ಒಂದು ಮೇಳವನ್ನು ಕಟ್ಟಿದರು. ಇವರೆಲ್ಲ ಬೇರೆ ಗಾಯಕರ ಹಾಡುಗಳಿಗೆ ಹಿಂದಿನಿಂದ ದನಿಗೂಡಿಸುತ್ತಿದ್ದವರು. ಸ್ವರಲಿಪಿಯನ್ನು ನೋಡಿ ಹಾಡುವ ಅಭ್ಯಾಸಕ್ಕಾಗಿ ಇವರು ಜರ್ಮನಿಯ ಮಹಾ ಸಂಗೀತಗಾರ ಬಾಖ್ (1685–1750) ವಾದ್ಯಕ್ಕೆಂದು ರಚಿಸಿದ ಕೃತಿಗಳನ್ನು ಎತ್ತಿಕೊಂಡರು. ಆ ಕೃತಿಗಳಿಗೆ ಸಾಹಿತ್ಯವಿಲ್ಲ. ಆದುದರಿಂದ 'ದ ಬ ದ' ಎಂಬಂಥ ಸೊಲ್ಲುಗಳಲ್ಲೇ ಹಾಡಿದರು. ಬಾಖ್ ಬರೆದ ಸ್ವರಗಳನ್ನು ಹೆಚ್ಚುಕಡಿಮೆ ಹಾಗೆಯೇ ಉಳಿಸಿಕೊಂಡು, ಡ್ರಮ್ಮು ಮತ್ತು ಬಾಸ್ ವಾದ್ಯಗಳ ನೆರವಿನಿಂದ ಜಾಜ್ ಸಂಗೀತದ ತೂಗುವ ನಡೆಯನ್ನು ಕೊಟ್ಟರು. 1963ರಲ್ಲಿ ಹೊರಬಂದ ಆ ಮುದ್ರಿಕೆಯ ಹೆಸರು 'ಜಾಜ್ ಸೆಬಾಸ್ಟಿಯನ್ ಬಾಖ್'. ಮರುವರ್ಷವೇ ಈ ಮೇಳಕ್ಕೆ ಅಮೆರಿಕದ ಗ್ರ್ಯಾಮಿ ಪ್ರಶಸ್ತಿಗಳು ಬಂದವು.

ಇಲ್ಲಿ ನಾವು ಗಮನಿಸಬೇಕಾದುದೇನು? ಅವರು ಮೊದಲು ಕಲಿತರು, ಆಮೇಲೆ ಹೊಸದನ್ನು ಮಾಡಿದರು. ಮೂಲವನ್ನು ತಪ್ಪಿಲ್ಲದೆ ಹಾಡಬಲ್ಲವರಾದ್ದರಿಂದಲೇ ಅದಕ್ಕೆ ಬೇರೆ ನಡೆಯನ್ನು ಕೊಡಲು ಸಾಧ್ಯವಾಯಿತು.

ನಮ್ಮಲ್ಲಿಯೂ ಇಂಥ ಉದಾಹರಣೆ ಇಲ್ಲದಿಲ್ಲ. ಗದಗಿನ ಭೀಮಸೇನ ಜೋಶಿಯವರು ಹಿಂದೂಸ್ತಾನಿ ಪದ್ಧತಿಯವರು. ಕರ್ನಾಟಕ ಸಂಗೀತದ ಪಿತಾಮಹರೆನಿಸಿದ ಪುರಂದರದಾಸರ ಪದಗಳನ್ನು ಅವರು ತಮ್ಮದೇ ಪದ್ಧತಿಯಲ್ಲಿ ಹಾಡಿದರು. ಅದರಿಂದ ದಾಸರಿಗೆ ಅಪಚಾರವಾಯಿತೆಂದು ಯಾರೂ ಹೇಳಲಾರರು. 'ಭಾಗ್ಯದ ಲಕ್ಷ್ಮೀ ಬಾರಮ್ಮ' ಎಂದೊಡನೆ ಎಷ್ಟೋ ಮನೆಗಳಲ್ಲಿ ಅವರ ದನಿಯೇ ನೆನಪಾಗುತ್ತದೆ.

ಆದರೆ ಬಾಖ್‌ನ ಆ ಕೃತಿಗಳಿಗೂ ದಾಸರ ಪದಗಳಿಗೂ ಒಂದು ಮುಖ್ಯ ವ್ಯತ್ಯಾಸವುಂಟು. ಅಲ್ಲಿ ಸ್ವರವೇ ಎಲ್ಲವೂ. ಇಲ್ಲಿ ಮಾತೇ ಪ್ರಾಣ. ರಾಗ ಬದಲಾದರೂ ಪದ ಉಳಿದೀತು, ಮಾತು ಕೇಳದಿದ್ದರೆ ಉಳಿಯದು. ಜೋಶಿಯವರ ಗಾಯನದಲ್ಲಿ ರಾಗ ಎಷ್ಟು ಬೆಳೆದರೂ ಕನ್ನಡದ ಮಾತು ಮರೆಯಾಗುವುದಿಲ್ಲ.

ಈ ಮಾತು ನಮ್ಮ ಕಡೆಯವರಿಗೆ ಹೆಚ್ಚಾಗಿ ಅನ್ವಯಿಸುತ್ತದೆ. ಈ ಸೀಮೆಯಲ್ಲಿ ಮಗ್ಗವನ್ನು ನಂಬಿ ಬದುಕಿದ ದೇವಾಂಗ ಕುಟುಂಬಗಳು ಮನೆಯಲ್ಲಿ ಕನ್ನಡ ಆಡುತ್ತವೆ, ಬೀದಿಯಲ್ಲಿ ತಮಿಳು ಆಡುತ್ತವೆ. ಮಕ್ಕಳಲ್ಲಿ ಬಹಳ ಮಂದಿ ಓದುವುದು ತಮಿಳು ಇಲ್ಲವೆ ಇಂಗ್ಲಿಷು. ಕನ್ನಡದ ಅಕ್ಷರವನ್ನೇ ಕಾಣದ ಮಗುವಿಗೆ ಪುರಂದರದಾಸರು ಪುಸ್ತಕದಿಂದ ಸಿಗುವುದಿಲ್ಲ, ಕಿವಿಯಿಂದಲೇ ಸಿಗಬೇಕು. ಸಂಗೀತ ಕಲಿಯುವ ತಮಿಳು ಮಕ್ಕಳೂ ದಾಸರು ಹಾಕಿಕೊಟ್ಟರೆನ್ನುವ ಸರಳೆ, ಜಂಟಿ ವರಸೆ, ಪಿಳ್ಳಾರಿ ಗೀತೆಗಳಿಂದಲೇ ಆರಂಭಿಸುತ್ತಾರೆ. ಪಕ್ಕದ ಮನೆಯವರು ಶ್ರದ್ಧೆಯಿಂದ ಕಲಿಯುವುದನ್ನು ನಾವು ಮರೆತರೆ ಅದಕ್ಕಿಂತ ನಾಚಿಕೆಯ ಸಂಗತಿ ಬೇರೊಂದಿಲ್ಲ.

ಆದಕಾರಣ ವಿದ್ಯಾರ್ಥಿಗಳಲ್ಲಿ ನಮ್ಮ ಬಿನ್ನಹವಿಷ್ಟೇ: ಗಿಟಾರು ಇರಲಿ, ಡ್ರಮ್ಮೂ ಇರಲಿ. ಮೊದಲು ಪದವನ್ನು ಬಲ್ಲವರಿಂದ ಕೇಳಿ ಕಲಿಯಿರಿ. ಅರ್ಥವನ್ನು ಮನೆಯ ಅಜ್ಜಿ ತಾತಂದಿರಲ್ಲಿ ವಿಚಾರಿಸಿರಿ. ವಾದ್ಯದ ಅಬ್ಬರದಲ್ಲಿ ಮಾತು ಮುಳುಗದಂತೆ ನೋಡಿಕೊಳ್ಳಿರಿ. ಪಾಲಕರಲ್ಲಿಯೂ ಒಂದು ಮಾತು: ಮಗು ಹೊಸ ಧಾಟಿಯಲ್ಲಿ ಹಾಡಿದೊಡನೆ ಗದರಿಸಬೇಡಿರಿ. ಪದದ ಅರ್ಥವೇನೆಂದು ಕೇಳಿರಿ. ಮಗು ಸರಿಯಾಗಿ ಹೇಳಿದರೆ ಧಾಟಿಯ ಚಿಂತೆ ಬೇಡ. ಹೇಳದಿದ್ದರೆ ಅದನ್ನು ಕಲಿಸುವ ಹೊಣೆ ನಮ್ಮದು, ನಿಮ್ಮದು.